ಕೊಳೆತ ಮರದಿಂದ ಕಲುಷಿತ ಮಣ್ಣಿಗೆ: ಕೀಟನಾಶಕ ಶೇಷಗಳ ಶಿಲೀಂಧ್ರ ವಿಘಟನೆಯ ಇತಿಹಾಸ

ಪ್ರಕೃತಿಯಲ್ಲಿ ಹುಟ್ಟಿದ ಯಾವ ಸಾವಯವ ವಸ್ತುವೂ ಕೊಳೆಯದೆ ಉಳಿಯುವುದಿಲ್ಲ ಎಂಬುದು ಕೃಷಿಕರ ಅನುಭವವೂ ಹೌದು, ಸೂಕ್ಷ್ಮಜೀವಿಶಾಸ್ತ್ರದ ಆರಂಭಕಾಲದ ನಂಬಿಕೆಯೂ ಹೌದು. ಬ್ರಿಟಿಷ್ ಸೂಕ್ಷ್ಮಜೀವಿ ವಿಜ್ಞಾನಿ ಇ.ಎಫ್. ಗೇಲ್ ಅವರು 1952ರಲ್ಲಿ ಮಂಡಿಸಿದ ವಿಚಾರವು ಈ ನಂಬಿಕೆಯ ಶಾಸ್ತ್ರೀಯ ರೂಪವಾಗಿತ್ತು. ಶಕ್ತಿಯ ದೃಷ್ಟಿಯಿಂದ ಒಡೆಯಲು ಸಾಧ್ಯವಿರುವ ಪ್ರತಿಯೊಂದು ವಸ್ತುವನ್ನೂ ಒಡೆಯಬಲ್ಲ ಜೀವಿಯೊಂದು ಭೂಮಿಯ ಮೇಲೆ ಎಲ್ಲಾದರೂ ಇರಲೇಬೇಕು ಎಂಬುದು ಅದರ ತಿರುಳು. ಮುಂದೆ ಇದು ಸೂಕ್ಷ್ಮಜೀವಿಗಳ ಅಪ್ರಮಾದತ್ವದ ಸಿದ್ಧಾಂತವೆಂದು ಹೆಸರಾಯಿತು. 1965ರಲ್ಲಿ ಅಮೆರಿಕದ ಮಣ್ಣು ಸೂಕ್ಷ್ಮಜೀವಿ ವಿಜ್ಞಾನಿ ಮಾರ್ಟಿನ್ ಅಲೆಕ್ಸಾಂಡರ್ ಈ ಸಿದ್ಧಾಂತವನ್ನು ನೇರವಾಗಿ ಪ್ರಶ್ನಿಸಿದರು. ಮನುಷ್ಯನು ಸಂಶ್ಲೇಷಿಸಿದ ಹಲವು ಅಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಿರುವಾಗ ಸೂಕ್ಷ್ಮಜೀವಿಗಳೂ ಸೋಲುತ್ತವೆ ಎಂದು ಒಪ್ಪಿಕೊಳ್ಳಲೇಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಕೀಟನಾಶಕಗಳ ಶೇಷವನ್ನು ಶಿಲೀಂಧ್ರಗಳಿಂದ ಒಡೆಯಿಸುವ ಪ್ರಯತ್ನದ ಇತಿಹಾಸವು ಈ ಎರಡು ನಿಲುವುಗಳ ನಡುವಿನ ಸಂವಾದವಾಗಿ ಬೆಳೆದಿದೆ. ಆ ಸಂವಾದದ ಮುಖ್ಯ ಘಟ್ಟಗಳನ್ನು ಗುರುತಿಸಿ, 'ಒಡೆಯುವುದು' ಎಂಬ ಮಾತಿನ ಅರ್ಥವು ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಶೇಷವೆಂಬ ಸಮಸ್ಯೆಯ ಹುಟ್ಟು

ಡಿಡಿಟಿಯನ್ನು 1874ರಲ್ಲಿಯೇ ಒಥ್ಮಾರ್ ಝೈಡ್ಲರ್ ಸಂಶ್ಲೇಷಿಸಿದ್ದರೂ ಅದರ ಕೀಟನಾಶಕ ಗುಣವನ್ನು ಪಾಲ್ ಮುಲ್ಲರ್ ಕಂಡುಹಿಡಿದದ್ದು 1939ರಲ್ಲಿ. 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಒಮ್ಮೆ ಸಿಂಪಡಿಸಿದರೆ ತಿಂಗಳುಗಟ್ಟಲೆ ಪರಿಣಾಮ ಉಳಿಯುತ್ತದೆ ಎಂಬುದೇ ಆ ಕಾಲದಲ್ಲಿ ಡಿಡಿಟಿಯ ಹೆಗ್ಗಳಿಕೆಯಾಗಿತ್ತು. ಭಾರತದಲ್ಲಿ 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವುದನ್ನೇ ಆಧರಿಸಿತ್ತು. ಅದಕ್ಕೆ ಬೇಕಾದ ಪುಡಿಯನ್ನು ದೇಶದಲ್ಲಿಯೇ ತಯಾರಿಸುವ ಸಲುವಾಗಿ 1954ರಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆ ಸ್ಥಾಪನೆಗೊಂಡಿತು.

ಗುಣವೆಂದು ಎಣಿಸಲಾದ ಈ ದೀರ್ಘಬಾಳಿಕೆಯೇ ಮುಂದೆ ದೋಷವಾಗಿ ಕಂಡುಬಂತು. ಡಿಡಿಟಿ, ಬಿಎಚ್‌ಸಿ, ಡೀಲ್ಡ್ರಿನ್ ಮುಂತಾದ ಆರ್ಗನೋಕ್ಲೋರಿನ್ ಕೀಟನಾಶಕಗಳು ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಕರಗುವುದು ಹೆಚ್ಚು. ಆದುದರಿಂದ ಅವು ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಸಾಗುತ್ತ ಸಾಂದ್ರಗೊಳ್ಳುತ್ತವೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಮೃತಪಟ್ಟ ದುರಂತವು ಭಾರತದಲ್ಲಿ ಕೀಟನಾಶಕ ನಿಯಂತ್ರಣದ ಚಿಂತನೆಗೆ ಕಾರಣವಾಗಿ, 1968ರ ಕೀಟನಾಶಕ ಕಾಯ್ದೆಗೆ ದಾರಿಮಾಡಿತು. ಆದರೆ ಅದು ತತ್‌ಕ್ಷಣದ ವಿಷಪ್ರಾಶನದ ಪ್ರಕರಣ. ನಿಧಾನವಾಗಿ ಸಂಗ್ರಹಗೊಳ್ಳುವ ಶೇಷದ ಪ್ರಶ್ನೆಯನ್ನು ಲೋಕದ ಮುಂದಿಟ್ಟದ್ದು 1962ರಲ್ಲಿ ಪ್ರಕಟವಾದ ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' ಕೃತಿ. ಅಮೆರಿಕವು 1972ರಲ್ಲಿ ಡಿಡಿಟಿಯ ಕೃಷಿ ಬಳಕೆಯನ್ನು ನಿಷೇಧಿಸಿತು. ಭಾರತದಲ್ಲಿ ಅದು ಕೃಷಿಯಿಂದ ಹಿಂದೆ ಸರಿದದ್ದು 1989ರಲ್ಲಿ. ಬಳಕೆಯನ್ನು ನಿಲ್ಲಿಸಬಹುದಾದರೂ ಈಗಾಗಲೇ ಮಣ್ಣು ಸೇರಿದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಮೊದಲ ಸುಳಿವುಗಳು

ಈ ಪ್ರಶ್ನೆಗೆ ಶಿಲೀಂಧ್ರಗಳ ಕಡೆಯಿಂದ ಬಂದ ಆರಂಭದ ಉತ್ತರಗಳಲ್ಲಿ ಫುಮಿಯೊ ಮತ್ಸುಮುರಾ ಮತ್ತು ಜಿ.ಎಂ. ಬೌಶ್ ಅವರ ಸಂಶೋಧನೆ ಮುಖ್ಯವಾದುದು. ಅಮೆರಿಕದ ಓಹಯೊ ರಾಜ್ಯದ ಉತ್ತರಭಾಗದಲ್ಲಿ ಕೀಟನಾಶಕಗಳನ್ನು ಹೇರಳವಾಗಿ ಸಿಂಪಡಿಸಿದ್ದ ಮಣ್ಣಿನಿಂದ ಅವರು ಟ್ರೈಕೋಡರ್ಮಾ ವಿರಿಡೆ ಎಂಬ ಶಿಲೀಂಧ್ರವನ್ನೂ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾವನ್ನೂ ಬೇರ್ಪಡಿಸಿ, ಅವೆರಡೂ ಮೆಲಾಥಿಯಾನನ್ನು ಒಡೆಯುತ್ತವೆಂದು 1966ರಲ್ಲಿ ತೋರಿಸಿದರು. 1968ರಲ್ಲಿ ಅದೇ ಶಿಲೀಂಧ್ರದ ಹಲವು ತಳಿಗಳನ್ನು ಡಿಡಿಟಿ, ಡೀಲ್ಡ್ರಿನ್‌ಗಳಂತಹ ಹಠಮಾರಿ ಅಣುಗಳ ಮೇಲೆ ಪರೀಕ್ಷಿಸಿದರು. ಇಂದು ನಮ್ಮ ಕೃಷಿಕರು ಸೊರಗು ರೋಗ, ಬೇರುಕೊಳೆ ರೋಗಗಳ ಹತೋಟಿಗೆ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಹಾಕುವ ಟ್ರೈಕೋಡರ್ಮಾ ಇದೇ ಕುಲಕ್ಕೆ ಸೇರಿದುದು.

ಇದೇ ಕಾಲಘಟ್ಟದಲ್ಲಿ ಬ್ಯಾಕ್ಟೀರಿಯಾಗಳ ಅಧ್ಯಯನ ಹೆಚ್ಚು ವೇಗವಾಗಿ ಮುಂದುವರಿಯಿತು. ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಅವರು ಟಿ. ಯೋಶಿದಾ ಅವರೊಡನೆ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಡಯಾಜಿನಾನ್ ಬಳಸಿದ ಗದ್ದೆಯಿಂದ ಒಂದು ಫ್ಲಾವೊಬ್ಯಾಕ್ಟೀರಿಯಂ ತಳಿಯನ್ನು ಪಡೆದು 1973ರಲ್ಲಿ ವರದಿ ಮಾಡಿದರು. ಆರ್ಗನೋಫಾಸ್ಫರಸ್ ಕೀಟನಾಶಕಗಳನ್ನು ಜಲವಿಭಜನೆಯಿಂದ ಒಡೆಯುವ ಕಿಣ್ವದ ಅಧ್ಯಯನಕ್ಕೆ ಆ ತಳಿಯು ಜಗತ್ತಿನಾದ್ಯಂತ ಆಧಾರವಾಯಿತು. ಮುಂದಿನ ವರ್ಷಗಳಲ್ಲಿ ಸೇತುನಾಥನ್ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಈ ಅಧ್ಯಯನದ ಪರಂಪರೆಯನ್ನೇ ಬೆಳೆಸಿದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿಯೂ ಎಚ್.ಕೆ. ಮನೋನ್ಮಣಿ ಮತ್ತು ಸಹೋದ್ಯೋಗಿಗಳು ಬಿಎಚ್‌ಸಿಯ ಘಟಕವಾದ ಆಲ್ಫಾ ಎಚ್‌ಸಿಎಚ್ ಅನ್ನು ಒಡೆಯುವ ಸೂಕ್ಷ್ಮಜೀವಿ ಸಮುದಾಯವನ್ನು ಬೆಳೆಸಿ 2000ದಲ್ಲಿ ವಿವರ ಪ್ರಕಟಿಸಿದರು.

ಬ್ಯಾಕ್ಟೀರಿಯಾಗಳ ದಾರಿಗೂ ಶಿಲೀಂಧ್ರಗಳ ದಾರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬ್ಯಾಕ್ಟೀರಿಯಾವು ಸಾಮಾನ್ಯವಾಗಿ ನಿರ್ದಿಷ್ಟ ಅಣುವಿಗೆ ಹೊಂದುವ ನಿರ್ದಿಷ್ಟ ಕಿಣ್ವದಿಂದ ಕೆಲಸಮಾಡುತ್ತದೆ; ಅನುಕೂಲವಾದರೆ ಕೀಟನಾಶಕವನ್ನೇ ಆಹಾರವಾಗಿ ಬಳಸಿ ವೃದ್ಧಿಗೊಳ್ಳುತ್ತದೆ. ಶಿಲೀಂಧ್ರಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕೀಟನಾಶಕವು ಆಹಾರವಲ್ಲ. ಅದು ಬೇರಾವುದನ್ನೋ ತಿನ್ನುತ್ತಿರುವಾಗ ಎದುರಾದ ಅಣುವೂ ಜತೆಯಲ್ಲಿ ಒಡೆಯುತ್ತದೆ. ಈ ಸಹಚಯಾಪಚಯವೇ ಶಿಲೀಂಧ್ರದ ಬಲ, ಅದರ ಮಿತಿಯೂ ಅದೇ ಎಂಬುದು ಮುಂದಿನ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ಲಿಗ್ನಿನ್‌ನಿಂದ ಡಿಡಿಟಿಯೆಡೆಗೆ

ಕಾಡಿನಲ್ಲಿ ಬಿದ್ದ ಮರವು ಲಡ್ಡಾಗುವ ಬಗೆ ಎರಡು. ಒಂದರಲ್ಲಿ ಮರವು ಕಂದುಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರಿಯುತ್ತದೆ. ಇನ್ನೊಂದರಲ್ಲಿ ಬೆಳ್ಳಗಾಗಿ, ನಾರುನಾರಾಗಿ, ಹಿಸುಕಿದರೆ ಸ್ಪಂಜಿನಂತಾಗುತ್ತದೆ. ಎರಡನೆಯದಕ್ಕೆ ಕಾರಣವಾದವು ಬಿಳಿಕೊಳೆ ಶಿಲೀಂಧ್ರಗಳು. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ಣವಾಗಿ ಒಡೆಯುವ ಸಾಮರ್ಥ್ಯ ಇವುಗಳಿಗಿದೆ. ಲಿಗ್ನಿನ್ ನಿಯತ ಕ್ರಮವಿಲ್ಲದೆ ಹೆಣೆದುಕೊಂಡ ಬೃಹದಣು. ಅದರಲ್ಲಿ ಬೀಗಕ್ಕೊಂದು ಕೀಲಿಕೈ ಎಂಬಂತೆ ಹೊಂದುವ ಕಿಣ್ವಕ್ಕೆ ಕೆಲಸವಿಲ್ಲ. ಆದುದರಿಂದ ಶಿಲೀಂಧ್ರವು ತನ್ನ ಎಳೆಗಳಿಂದ ಹೊರಕ್ಕೆ ಕಿಣ್ವಗಳನ್ನು ಸ್ರವಿಸಿ, ಹೈಡ್ರೊಜನ್ ಪೆರಾಕ್ಸೈಡ್‌ನ ಸಹಾಯದಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು, ಅಣುವನ್ನು ಅಸ್ಥಿರಗೊಳಿಸಿ ಚೂರಾಗಿಸುತ್ತದೆ.

ಈ ಕ್ರಿಯೆಯ ತಿಳಿವಳಿಕೆ ಕೀಟನಾಶಕದ ಚಿಂತೆಯಿಂದ ಬಂದುದಲ್ಲ ಎಂಬುದು ಕುತೂಹಲಕರ. ಕಾಗದದ ಉದ್ಯಮಕ್ಕಾಗಿ ಮರದಿಂದ ಲಿಗ್ನಿನ್ ತೆಗೆಯುವ ಅಗ್ಗದ ವಿಧಾನವನ್ನು ಹುಡುಕುತ್ತಿದ್ದ ಸ್ವೀಡನ್ ಮತ್ತು ಅಮೆರಿಕದ ಪ್ರಯೋಗಾಲಯಗಳಲ್ಲಿ 1970ರ ದಶಕದಿಂದ ಈ ಅಧ್ಯಯನ ನಡೆದಿತ್ತು. ಮ್ಯಾಡಿಸನ್‌ನ ಅರಣ್ಯ ಉತ್ಪನ್ನ ಪ್ರಯೋಗಾಲಯದ ಟಿ. ಕೆಂಟ್ ಕರ್ಕ್ ಮತ್ತು ಮಿಂಗ್ ಟಿಯನ್ ಅವರು ಫನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಬಿಳಿಕೊಳೆ ಶಿಲೀಂಧ್ರದ ಲಿಗ್ನಿನ್ ಒಡೆಯುವ ಕಿಣ್ವವನ್ನು 1983ರಲ್ಲಿ ವರದಿ ಮಾಡಿದರು. ಅದೇ ವರ್ಷ ಮೈಕೇಲ್ ಗೋಲ್ಡ್ ಅವರ ತಂಡವೂ ಸ್ವತಂತ್ರವಾಗಿ ಇದೇ ಶೋಧವನ್ನು ಪ್ರಕಟಿಸಿತು. ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಹೆಸರು ಸೂಕ್ಷ್ಮಜೀವಿಶಾಸ್ತ್ರದ ಪರಿಭಾಷೆಯನ್ನು ಸೇರಿದ್ದು ಹೀಗೆ.

ಮುಂದಿನ ಹೆಜ್ಜೆ 1985ರಲ್ಲಿ ಬಂತು. ಲಿಗ್ನಿನ್‌ನಂತಹ ಕ್ರಮರಹಿತ ಅಣುವನ್ನು ಒಡೆಯುವ ಕಿಣ್ವವು ಅದನ್ನು ಹೋಲುವ ಉಂಗುರ ರಚನೆಯ ಮಾಲಿನ್ಯಕಾರಕಗಳನ್ನೂ ಒಡೆಯಬೇಕಲ್ಲವೆ ಎಂಬ ತರ್ಕದಿಂದ ಜಾನ್ ಬಂಪಸ್, ಮಿಂಗ್ ಟಿಯನ್, ಡೇವಿಡ್ ರೈಟ್ ಮತ್ತು ಸ್ಟೀವನ್ ಆಸ್ಟ್ ಅವರು ಇದೇ ಶಿಲೀಂಧ್ರಕ್ಕೆ ಡಿಡಿಟಿ, ಲಿಂಡೇನ್, ಡಯಾಕ್ಸಿನ್, ಬೆಂಜೊಪೈರೀನ್ ಮೊದಲಾದ ವಸ್ತುಗಳನ್ನು ಒಡ್ಡಿದರು. ಅಣುವಿನ ಇಂಗಾಲವನ್ನು ವಿಕಿರಣಪಟು ಇಂಗಾಲ-14ರಿಂದ ಗುರುತು ಮಾಡಿದ್ದುದರಿಂದ, ಹೊರಬಂದ ಇಂಗಾಲದ ಡೈಆಕ್ಸೈಡ್‌ನಲ್ಲಿ ಆ ಗುರುತು ಕಂಡರೆ ಅಣುವು ಕೊನೆಯವರೆಗೂ ಒಡೆದಿದೆ ಎಂದು ನಿಸ್ಸಂದೇಹವಾಗಿ ಹೇಳಬಹುದಾಗಿತ್ತು. ಗುರುತು ಕಂಡಿತು. 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧದಿಂದ ಶಿಲೀಂಧ್ರಗಳ ಮೂಲಕ ಪರಿಸರ ಶುದ್ಧೀಕರಣ ಎಂಬ ಅಧ್ಯಯನ ಕ್ಷೇತ್ರವು ಗಟ್ಟಿಯಾದ ನೆಲೆಯನ್ನು ಪಡೆಯಿತು.

1987ರಲ್ಲಿ ಬಂಪಸ್ ಮತ್ತು ಆಸ್ಟ್ ಡಿಡಿಟಿಯ ವಿಘಟನೆಯ ಹಂತಗಳನ್ನು ಬಿಡಿಸಿ ತೋರಿಸಿದರು. ಮೂರನೆಯ ದಿನಕ್ಕೆ ಡಿಡಿಡಿ ಎಂಬ ಮಧ್ಯಂತರ ಉತ್ಪನ್ನ ಕಾಣಿಸಿಕೊಂಡು, ಅನಂತರ ಅದೂ ಮರೆಯಾಯಿತು. ನಿಸರ್ಗದಲ್ಲಿ ಡಿಡಿಟಿಯು ಹೆಚ್ಚಾಗಿ ಡಿಡಿಇ ಎಂಬ ಅಷ್ಟೇ ದೀರ್ಘಾಯುವಾದ ವಸ್ತುವಾಗಿ ಮಾರ್ಪಟ್ಟು ನಿಲ್ಲುತ್ತದೆ. ಶಿಲೀಂಧ್ರದ ದಾರಿ ಅದಕ್ಕಿಂತ ಬೇರೆ ಎಂಬುದು ಈ ಸಂಶೋಧನೆಯ ಮಹತ್ವದ ಫಲಿತಾಂಶ. ಡಿಡಿಟಿಯನ್ನು ಖನಿಜೀಕರಿಸುವ ಸಾಮರ್ಥ್ಯವು ಪ್ಲೂರೋಟಸ್ ಆಸ್ಟ್ರಿಯೇಟಸ್ ಎಂಬ ಶಿಲೀಂಧ್ರಕ್ಕೂ ಇದೆಯೆಂದು ಅದೇ ಪ್ರಬಂಧ ಹೇಳಿತು. ಇದು ಭತ್ತದ ಹುಲ್ಲಿನ ಮೇಲೆ ಬೆಳೆದು ಮಾರುಕಟ್ಟೆಗೆ ಬರುವ ಚಿಪ್ಪಣಬೆಯೇ.

ಸಂಶಯದ ಘಟ್ಟ

ಉತ್ಸಾಹದ ಹಿಂದೆಯೇ ಸಂಶಯವೂ ಬಂದಿತು. 1988ರಲ್ಲಿ ಕೋಹ್ಲರ್ ಮತ್ತು ಸಂಗಡಿಗರು ಜರ್ಮನಿಯಿಂದ ಪ್ರಕಟಿಸಿದ ಪ್ರಬಂಧವು ಡಿಡಿಟಿಯ ವಿಘಟನೆಯಲ್ಲಿ ಈ ಶಿಲೀಂಧ್ರದ ಹೊರಸ್ರಾವಿ ಲಿಗ್ನಿನೇಸ್ ಕಿಣ್ವದ ಪಾತ್ರವೇ ಇಲ್ಲವೆಂದು ವಾದಿಸಿತು. ಡಿಡಿಟಿ ಮರೆಯಾಗುವುದು ನಿಜ, ಆದರೆ ಅದಕ್ಕೆ ಕೊಟ್ಟ ವಿವರಣೆ ತಪ್ಪಿರಬಹುದು ಎಂಬ ಈ ಎಚ್ಚರಿಕೆ ಫಲಪ್ರದವಾಯಿತು. ಜೀವಕೋಶದ ಒಳಗಿರುವ ಸೈಟೋಕ್ರೋಮ್ ಪಿ-450 ಕಿಣ್ವಗಳತ್ತ ಗಮನ ಹೊರಳಿತು. 2004ರಲ್ಲಿ ಫನೆರೊಕೀಟೆಯ ಸುಮಾರು 3 ಕೋಟಿ ಅಕ್ಷರಗಳ ಜೀನೋಮ್ ಪ್ರಕಟವಾದಾಗ ಅದರಲ್ಲಿ ಈ ಬಗೆಯ ಕಿಣ್ವಗಳ ಜೀನ್‌ಗಳೇ ಸುಮಾರು 150 ಇರುವುದು ಕಂಡುಬಂತು.

ಎರಡನೆಯ ಸಂಶಯ ಹೊಲದಿಂದ ಬಂತು. ಗಾಜಿನ ಸೀಸೆಯಲ್ಲಿ, ಸಾರಜನಕದ ಕೊರತೆಯ ನಿಯಂತ್ರಿತ ಮಾಧ್ಯಮದಲ್ಲಿ ನಡೆದದ್ದು ತೆರೆದ ಮಣ್ಣಿನಲ್ಲಿ ನಡೆಯುತ್ತದೆಯೆ? ರಿಚರ್ಡ್ ಲಮಾರ್ ಮತ್ತು ಡಯೇನ್ ಡೀಟ್ರಿಚ್ ಅವರ 1990ರ ಕ್ಷೇತ್ರ ಪ್ರಯೋಗವು ಈ ಪ್ರಶ್ನೆಗೆ ಉತ್ತರ ಹುಡುಕಿತು. ಮರದ ಸಂರಕ್ಷಕವಾಗಿ ಬಳಸುತ್ತಿದ್ದ ಪೆಂಟಾಕ್ಲೋರೊಫಿನಾಲ್ ಎಂಬ ಜೀವಿನಾಶಕದಿಂದ ಕಲುಷಿತವಾದ ಮಣ್ಣಿಗೆ ಅವರು ಫನೆರೊಕೀಟೆಯ ಎರಡು ಪ್ರಭೇದಗಳನ್ನು ಬೆರೆಸಿದರು. ಮಣ್ಣಿನಲ್ಲಿ ಸಾವಯವ ಅಂಶ ತೀರ ಕಡಿಮೆಯಿದ್ದುದರಿಂದ ಪೀಟನ್ನೂ ಸೇರಿಸಿದರು. ಆರೂವರೆ ವಾರಗಳಲ್ಲಿ ಆ ವಸ್ತುವಿನ ಪ್ರಮಾಣ ಶೇಕಡ 88ರಿಂದ 91ರಷ್ಟು ಇಳಿಯಿತು.

ಅಂಕಿ ಆಕರ್ಷಕವಾಗಿದ್ದರೂ ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಇಳಿಕೆಯ ಶೇಕಡ 8ರಿಂದ 13 ಭಾಗವು ಪೆಂಟಾಕ್ಲೋರೊಅನಿಸೋಲ್ ಎಂಬ ಇನ್ನೊಂದು ಕ್ಲೋರಿನ್‌ಯುಕ್ತ ವಸ್ತುವಾಗಿ ಮಾರ್ಪಟ್ಟಿತ್ತು. ಖನಿಜೀಕರಣವಾಗಲಿ ಆವಿಯಾಗುವಿಕೆಯಾಗಲಿ ಗಣನೀಯವಲ್ಲವೆಂಬ ಪ್ರಯೋಗಾಲಯದ ಅನುಭವವನ್ನು ಆಧರಿಸಿ, ಹೆಚ್ಚಿನ ಭಾಗವು ದ್ರಾವಕಗಳಿಂದಲೂ ಹೊರತೆಗೆಯಲಾಗದಂತೆ ಮಣ್ಣಿನ ಕಣಗಳಿಗೆ ಬಂಧಿತವಾಗಿದೆ ಎಂದು ಅವರು ತೀರ್ಮಾನಿಸಿದರು. ಹೀಗೆ ಮರೆಯಾಗುವುದು, ಮಾರ್ಪಡುವುದು, ಬಂಧಿತವಾಗುವುದು, ಖನಿಜೀಕರಣಗೊಳ್ಳುವುದು ಎಂಬ ನಾಲ್ಕು ಸ್ಥಿತಿಗಳನ್ನು ಪ್ರತ್ಯೇಕಿಸುವ ಅಗತ್ಯ ಸ್ಪಷ್ಟವಾಯಿತು. ಉಪಕರಣವು ಕಾಣದ್ದೆಲ್ಲವೂ ಇಲ್ಲವಾದದ್ದಲ್ಲ ಎಂಬ ವಿವೇಕ ಈ ಕ್ಷೇತ್ರಕ್ಕೆ ಬಂದದ್ದು ಇಂತಹ ಪ್ರಯೋಗಗಳಿಂದ.

ಎಂಡೋಸಲ್ಫಾನ್: ಕನ್ನಡ ನೆಲದ ಸಂದರ್ಭ

ಈ ವಿವೇಕದ ಬೆಲೆ ಏನೆಂಬುದನ್ನು ಎಂಡೋಸಲ್ಫಾನ್ ಪ್ರಕರಣಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಕನ್ನಡ ಓದುಗರಿಗೆ ಬೇರೊಂದಿಲ್ಲ. ಗೇರು ಮರಗಳನ್ನು ಕಾಡುವ ಟೀ ಸೊಳ್ಳೆಯ ಹತೋಟಿಗಾಗಿ ಕಾಸರಗೋಡು ಜಿಲ್ಲೆಯ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರ್ನಾಟಕದ ಗಡಿಯೊಳಗೆ ದಕ್ಷಿಣ ಕನ್ನಡ ಜಿಲ್ಲೆಯ ಗೇರು ತೋಟಗಳಲ್ಲಿಯೂ ಇದೇ ಕ್ರಮ ನಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಹೆಸರು ಈ ಕಾರಣದಿಂದಲೇ ನಾಡಿಗೆ ಪರಿಚಿತವಾಯಿತು. ಕಾಸರಗೋಡಿನ ಪಡ್ರೆ ಗ್ರಾಮದ ಪರಿಸರದಲ್ಲಿ ಜಾನುವಾರುಗಳಲ್ಲಿ ಕಂಡ ವೈಪರೀತ್ಯವನ್ನು 1980ರ ಆಸುಪಾಸಿನಲ್ಲಿಯೇ ಬರೆದವರು ಕೃಷಿ ಪತ್ರಕರ್ತ ಶ್ರೀಪಡ್ರೆ. ಅಲ್ಲಿನ ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ಅಸಾಮಾನ್ಯ ಕಾಯಿಲೆಗಳನ್ನು 1990ರ ದಶಕದಲ್ಲಿ ವೈದ್ಯಲೋಕದ ಗಮನಕ್ಕೆ ತಂದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ಮಧ್ಯಂತರ ಆದೇಶದಿಂದ ತಡೆಯಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಅದೇ ನ್ಯಾಯಾಲಯವು 2017ರ ಜನವರಿಯಲ್ಲಿ ಆದೇಶಿಸಿತು.

ತಾಂತ್ರಿಕ ಎಂಡೋಸಲ್ಫಾನ್ ಎಂಬುದು ಆಲ್ಫಾ ಮತ್ತು ಬೀಟಾ ಎಂಬ ಎರಡು ಸಮಾಂಗಿಗಳ ಸುಮಾರು 7:3 ಪ್ರಮಾಣದ ಮಿಶ್ರಣ. ಮಣ್ಣಿನಲ್ಲಿ ಅದರ ಮುಂದೆ ಎರಡು ದಾರಿಗಳಿವೆ. ಜಲವಿಭಜನೆಯಾದರೆ ಕಡಿಮೆ ವಿಷಕಾರಿಯಾದ ಎಂಡೋಸಲ್ಫಾನ್ ಡಯಾಲ್ ಉಂಟಾಗುತ್ತದೆ. ಉತ್ಕರ್ಷಣೆಯಾದರೆ ಎಂಡೋಸಲ್ಫಾನ್ ಸಲ್ಫೇಟ್ ಉಂಟಾಗುತ್ತದೆ. ಇದು ಮೂಲ ವಸ್ತುವಿನಷ್ಟೇ ವಿಷಕಾರಿ, ಬಾಳಿಕೆಯಲ್ಲಿ ಅದಕ್ಕಿಂತ ಹೆಚ್ಚಿನದು. ಸಲ್ಫೇಟನ್ನೂ ಸೇರಿಸಿ ಲೆಕ್ಕ ಹಾಕಿದಾಗ ಒಟ್ಟು ವಿಷಶೇಷದ ಅರ್ಧಾಯುಷ್ಯವು ಸುಮಾರು 9 ತಿಂಗಳಿನಿಂದ 6 ವರ್ಷಗಳವರೆಗೆ ಇರುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ. ಮೂಲ ವಸ್ತುವನ್ನು ಮಾತ್ರ ಅಳೆದು ಮಣ್ಣು ಶುದ್ಧವಾಯಿತೆಂದು ಸಾರುವುದು ಎಷ್ಟು ಅಪಾಯಕರ ಎಂಬುದು ಇದರಿಂದ ವೇದ್ಯವಾಗುತ್ತದೆ.

ಶಿಲೀಂಧ್ರಗಳೂ ಈ ಎರಡೂ ದಾರಿಗಳನ್ನು ಹಿಡಿಯುತ್ತವೆ. ಕತಯಾಮಾ ಮತ್ತು ಮತ್ಸುಮುರಾ 1993ರಲ್ಲಿ ಟ್ರೈಕೋಡರ್ಮಾ ಹಾರ್ಜಿಯಾನಂ ಎಂಡೋಸಲ್ಫಾನನ್ನು ಒಡೆಯುತ್ತದೆಂದು ತೋರಿಸಿದರು. 1994ರಲ್ಲಿ ಇರಾನಿ ಮುಖರ್ಜಿ ಮತ್ತು ಮಧುಬನ್ ಗೋಪಾಲ್ ಅವರು ಬೀಟಾ ಎಂಡೋಸಲ್ಫಾನ್ ಮೇಲೆ ಆಸ್ಪರ್ಜಿಲಸ್ ನೈಗರ್‌ನ ಕ್ರಿಯೆಯನ್ನು ವರದಿ ಮಾಡಿದರು. ಕುಲ್‌ಮನ್ ಮತ್ತು ಮತ್ಸುಮುರಾ ಅವರ 1996ರ ಅಧ್ಯಯನವು ಫನೆರೊಕೀಟೆಯಲ್ಲಿ ಸಲ್ಫೇಟ್ ಮತ್ತು ಡಯಾಲ್ ಎರಡೂ ಉಂಟಾಗುವುದನ್ನು ಗುರುತಿಸಿತು. ಪಿ-450 ಕಿಣ್ವಗಳನ್ನು ತಡೆಯುವ ಪೈಪರೊನಿಲ್ ಬ್ಯುಟಾಕ್ಸೈಡನ್ನು ಸೇರಿಸಿದಾಗ ಸಲ್ಫೇಟ್ ಕಡಿಮೆಯಾಗಿ ಡಯಾಲ್ ಹೆಚ್ಚಿತು. ಡಿಡಿಟಿಯಂತಹ ಅಣುಗಳ ಮಟ್ಟಿಗೆ ಭರವಸೆ ಮೂಡಿಸಿದ ಕಿಣ್ವಗಳ ಬಗೆಯೇ ಎಂಡೋಸಲ್ಫಾನ್‌ನ ಮಟ್ಟಿಗೆ ಅನಪೇಕ್ಷಿತ ದಾರಿಯನ್ನು ತೆರೆಯುತ್ತದೆ ಎಂಬುದು ಈ ಅಧ್ಯಯನದ ಪಾಠ. ಶಿಲೀಂಧ್ರವು ಒಡೆಯುತ್ತದೆಯೆ ಎಂದು ಕೇಳಿದರೆ ಸಾಲದು. ಒಡೆದು ಏನನ್ನು ಉಳಿಸುತ್ತದೆ ಎಂದೂ ಕೇಳಬೇಕು.

ಮುಂದಿನ ವರ್ಷಗಳಲ್ಲಿ ಭಾರತದ ಪ್ರಯೋಗಾಲಯಗಳು ಬಿಳಿಕೊಳೆ ಶಿಲೀಂಧ್ರಗಳ ಆಚೆಗೂ ಹುಡುಕಾಟ ನಡೆಸಿದವು. ಪುಣೆಯಲ್ಲಿ ನಾಗ್‌ಪಾಲ್, ಶ್ರೀನಿವಾಸನ್ ಮತ್ತು ಪಾಕ್ನೀಕರ್ ಅವರು ತರಗೆಲೆಗಳಿಂದ ಪಡೆದ ಕೊನಿಡಿಯೊಬೋಲಸ್ ಎಂಬ ಶಿಲೀಂಧ್ರವು ಲಿಂಡೇನನ್ನು ಒಡೆಯುವುದನ್ನು 2008ರಲ್ಲಿ ಪ್ರಕಟಿಸಿದ್ದು ಇದಕ್ಕೊಂದು ನಿದರ್ಶನ. ಆದರೆ ಇಂತಹ ಶೋಧಗಳು ಬಹುಪಾಲು ಪ್ರಯೋಗಾಲಯದ ಮಟ್ಟದಲ್ಲಿಯೇ ಉಳಿದವು. ಕಾಸರಗೋಡಿನಲ್ಲಿ ಬಳಕೆಯಾಗದೆ ಉಳಿದ ಎಂಡೋಸಲ್ಫಾನ್ ದಾಸ್ತಾನು ವರ್ಷಗಳ ಕಾಲ ಗೋದಾಮಿನಲ್ಲಿಯೇ ಇದ್ದು, 2012ರಲ್ಲಿ ಅದನ್ನು ಸೋರದ ಹೊಸ ಪೀಪಾಯಿಗಳಿಗೆ ವರ್ಗಾಯಿಸಬೇಕಾಯಿತು.

ಜೈವಿಕ ಪಾತಿ: ಹೊಲದಲ್ಲಿ ನೆಲೆಯೂರಿದ ರೂಪ

ಶಿಲೀಂಧ್ರ ವಿಘಟನೆಯು ಕೃಷಿಕರ ಕೈಗೆಟಕುವ ರೂಪವನ್ನು ಪಡೆದದ್ದು ಸ್ವೀಡನ್‌ನಲ್ಲಿ. ಕೀಟನಾಶಕದಿಂದಾಗುವ ನೀರಿನ ಮಾಲಿನ್ಯದ ದೊಡ್ಡ ಪಾಲು ಸಿಂಪಡಿಸುವ ಹೊಲದಿಂದ ಬರುವುದಿಲ್ಲ, ಸಿಂಪಡಣಾ ಯಂತ್ರಕ್ಕೆ ಔಷಧಿ ತುಂಬುವ ಮತ್ತು ತೊಳೆಯುವ ಜಾಗದಲ್ಲಿ ಚೆಲ್ಲುವ ಹನಿಗಳಿಂದ ಬರುತ್ತದೆ ಎಂಬ ಅರಿವಿನಿಂದ 1993ರಲ್ಲಿ ಅಲ್ಲಿ ಮೊದಲ ಜೈವಿಕ ಪಾತಿ ರಚನೆಯಾಯಿತು. ಉಪ್ಸಾಲಾದ ಲೆನ್ನಾರ್ಟ್ ಟೋರ್ಸ್ಟೆನ್ಸನ್ ಮತ್ತು ಮಾರಿಯಾ ಡೆಲ್ ಪಿಲಾರ್ ಕಾಸ್ಟಿಲ್ಲೊ ಅದರ ವೈಜ್ಞಾನಿಕ ತಳಹದಿಯನ್ನು ವಿವರಿಸಿದರು.

ಇದರ ರಚನೆ ಸರಳವಾದುದು. ಸುಮಾರು 60 ಸೆಂಟಿಮೀಟರ್ ಆಳದ ಗುಂಡಿ. ತಳದಲ್ಲಿ ಜೇಡಿಮಣ್ಣಿನ ಪದರ. ಅದರ ಮೇಲೆ ಗಾತ್ರದಲ್ಲಿ ಎರಡು ಪಾಲು ಒಣಹುಲ್ಲು, ಒಂದು ಪಾಲು ಪೀಟ್, ಒಂದು ಪಾಲು ಮೇಲ್ಮಣ್ಣು ಬೆರೆತ ಮಿಶ್ರಣ. ಎಲ್ಲಕ್ಕೂ ಮೇಲೆ ಹುಲ್ಲಿನ ಹೊದಿಕೆ. ಒಣಹುಲ್ಲಿನ ಲಿಗ್ನಿನ್ ಬಿಳಿಕೊಳೆ ಶಿಲೀಂಧ್ರಗಳಿಗೆ ಆಹಾರ. ಪೀಟ್ ತೇವವನ್ನು ಹಿಡಿದು, ಆಮ್ಲತೆಯನ್ನು ಕಾಯ್ದು ಅವುಗಳಿಗೆ ಅನುಕೂಲ ಕಲ್ಪಿಸುತ್ತದೆ. ಮಣ್ಣು ಇತರ ಸೂಕ್ಷ್ಮಜೀವಿಗಳನ್ನು ಒದಗಿಸುತ್ತದೆ. ಮೇಲಿನ ಹುಲ್ಲು ತೇವಾಂಶದ ಸಮತೋಲ ಕಾಯುವುದಲ್ಲದೆ, ಎಲ್ಲಿ ಒಣಗಿದೆಯೋ ಅಲ್ಲಿ ಕಳೆನಾಶಕ ಚೆಲ್ಲಿದೆ ಎಂಬುದನ್ನೂ ತೋರಿಸಿಕೊಡುತ್ತದೆ. ಆರರಿಂದ ಎಂಟು ವರ್ಷಗಳಿಗೊಮ್ಮೆ ಮಿಶ್ರಣವನ್ನು ಬದಲಿಸಿ ಹಳೆಯದನ್ನು ಗೊಬ್ಬರವಾಗಿ ಕೊಳೆಸಲಾಗುತ್ತದೆ. ಹೊರಗಿನಿಂದ ವಿಶೇಷ ತಳಿಯನ್ನು ತಂದು ಬಿತ್ತುವ ಬದಲು, ಇರುವ ಶಿಲೀಂಧ್ರಗಳಿಗೆ ಬೇಕಾದ ಆಹಾರವನ್ನೊದಗಿಸುವ ಈ ವಿಧಾನವು ಸ್ವೀಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ಕಡೆ ನೆಲೆಯೂರಿ, ಸ್ಥಳೀಯ ಮಾರ್ಪಾಡುಗಳೊಡನೆ ಯೂರೋಪಿನ ಇತರ ದೇಶಗಳಿಗೂ ಲ್ಯಾಟಿನ್ ಅಮೆರಿಕಕ್ಕೂ ಹರಡಿತು.

ಭತ್ತದ ಹುಲ್ಲು ಹೇರಳವಾಗಿರುವ ಪ್ರದೇಶಗಳಲ್ಲಿ ಇದರ ತತ್ತ್ವ ಪರಿಶೀಲನಾರ್ಹವಾಗಿದೆ. ಆದರೆ ಮಿತಿಗಳನ್ನು ಮರೆಯಲಾಗದು. ಜೈವಿಕ ಪಾತಿಯು ಒಂದೆಡೆ ಚೆಲ್ಲಿದ ವಿಷವನ್ನು ತಡೆಯುತ್ತದೆ. ಆಕಾಶದಿಂದ ಬೆಟ್ಟಗುಡ್ಡಗಳ ಮೇಲೆ, ತೋಡು ಸುರಂಗಗಳ ಮೇಲೆ ಚದುರಿದ್ದನ್ನು ಅದು ಒಂದೆಡೆ ಸೇರಿಸಲಾರದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವು ಮೂಲವಸ್ತುವಾದುದರಿಂದ ಅದನ್ನು ಯಾವ ಜೀವಿಯೂ ಒಡೆಯಲಾರದು. ಮೇಲಾಗಿ ಅದು ಶಿಲೀಂಧ್ರಗಳಿಗೇ ವಿಷ.

ಉಪಸಂಹಾರ

ಗೇಲ್ ಮತ್ತು ಅಲೆಕ್ಸಾಂಡರ್ ಅವರ ನಿಲುವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಈ ಇತಿಹಾಸವು ಎರಡಕ್ಕೂ ಪಾಲು ಕೊಡುತ್ತದೆ. ಡಿಡಿಟಿಯ ಇಂಗಾಲವು ಇಂಗಾಲದ ಡೈಆಕ್ಸೈಡಾಗಿ ಹೊರಬಂದದ್ದು ಗೇಲ್ ಅವರ ನಂಬಿಕೆಯನ್ನು ಎತ್ತಿಹಿಡಿಯುತ್ತದೆ. ಎಂಡೋಸಲ್ಫಾನ್ ಸಲ್ಫೇಟ್ ಮತ್ತು ಬಂಧಿತ ಶೇಷಗಳು ಅಲೆಕ್ಸಾಂಡರ್ ಅವರ ಎಚ್ಚರಿಕೆಯನ್ನು ಸಮರ್ಥಿಸುತ್ತವೆ. ಒಡೆಯಬಲ್ಲ ಜೀವಿ ಇದೆ ಎನ್ನುವುದಕ್ಕೂ, ಬೇಕಾದ ಜಾಗದಲ್ಲಿ, ಬೇಕಾದ ಕಾಲದೊಳಗೆ, ಅಪಾಯವಿಲ್ಲದ ಕೊನೆಯವರೆಗೆ ಅದು ಒಡೆಯುತ್ತದೆ ಎನ್ನುವುದಕ್ಕೂ ನಡುವಿನ ಅಂತರವನ್ನು ಅಳೆಯುವುದೇ 1966ರಿಂದ ಈಚಿನ ಸಂಶೋಧನೆಗಳ ಮುಖ್ಯ ಸಾಧನೆ.

ಆದುದರಿಂದ ಶಿಲೀಂಧ್ರಗಳ ಸಾಮರ್ಥ್ಯವನ್ನು ಕೀಟನಾಶಕ ಬಳಕೆಗೆ ದೊರೆತ ರಹದಾರಿ ಎಂದು ಭಾವಿಸುವುದು ಈ ಇತಿಹಾಸವನ್ನು ತಪ್ಪಾಗಿ ಓದಿದಂತಾಗುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮಣ್ಣಿನ ಶೇಷವು ಕಾಲಾಂತರದಲ್ಲಿ ಕರಗಬಹುದು. ಮನೆಗಳೊಳಗೆ ಉಳಿದ ನೋವನ್ನು ಯಾವ ಕಿಣ್ವವೂ ಒಡೆಯಲಾರದು. ಸಿಂಪಡಿಸುವ ಮುನ್ನವೇ, ಆ ಅಣುವು ಕೊನೆಗೆ ಏನಾಗಿ ಉಳಿಯುತ್ತದೆ ಎಂದು ಕೇಳುವ ಶಿಸ್ತನ್ನು ಕೃಷಿ ವಿಜ್ಞಾನವು ರೂಢಿಸಿಕೊಳ್ಳುವುದು ಅಗತ್ಯ. ಕೊಳೆತ ಮರದ ತುಂಡಿನಿಂದ ಆರಂಭವಾದ ಈ ಸಂಶೋಧನಾ ಪರಂಪರೆಯು ಕಲಿಸಿರುವ ಪಾಠವೂ ಇದೇ ಆಗಿದೆ.